ದುಗ್ಗಪ್ಪನ ನೀರಿನ ಕೀಲಿ

ಬೊಂಬಾಯಿಯಲ್ಲಿ ದುಗ್ಗಪ್ಪ ತೀರಿಕೊಂಡನೆಂಬ ತಂತಿ ಕೆದಂಬಾಡಿಗೆ ಬಂದದ್ದು ಆಟಿ ಅಮಾವಾಸ್ಯೆಯ ದಿನ. ತಿಂಗಳ ಮೇಲೆ ಅವನ ಅಣ್ಣ ತ್ಯಾಂಪಣ್ಣ ಮತ್ತು ಅಕ್ಕ ಸೀತು ಪುತ್ತೂರಿನ ಬಸ್ ನಿಲ್ದಾಣದಲ್ಲಿ ಆಡಿದ ಮಾತು ಪಕ್ಕದ ಬೆಂಚಿನಲ್ಲಿದ್ದ ಮಂಡೆಕೋಲಿನ ಕುಕ್ಕಪ್ಪನವರ ಕಿವಿಗೆ ಬಿತ್ತು. ಗೋಣಿಯಲ್ಲಿ ಸುತ್ತಿದ ಆಳೆತ್ತರದ ಕಬ್ಬಿಣದ ಕೀಲಿಯೊಂದು ಇಬ್ಬರ ನಡುವೆ ಒರಗಿತ್ತು.

“ಹನ್ನೆರಡು ಗಲ್ಲಿಗೆ ತಮ್ಮ ಇದರಲ್ಲೇ ನೀರು ಬಿಡ್ತಿದ್ದದ್ದಾ ಅಣ್ಣ?”

“ಹೌದು. ಮುನಿಸಿಪಾಲ್ಟಿ ಕೆಲಸ, ನೆಲದೊಳಗಿನ ವಾಲ್ವು ತಿರುಗಿಸುದು. ಗೆಳೆಯರು ಅವನ ಪೆಟ್ಟಿಗೆಯೊಟ್ಟಿಗೆ ಇದನ್ನೂ ತಂದುಬಿಟ್ಟರು.”

“ಅಟ್ಟದಲ್ಲಿಟ್ಟರೂ ಬೆಳಿಗ್ಗೆ ಒದ್ದೆ ಇರ್ತದೆ.”

“ಬೊಜ್ಜದ ದಿನ, ಉತ್ತರಕ್ರಿಯೆಯಲ್ಲಿ, ಎಡೆಯಿಟ್ಟು ಕರೆದರೂ ಅವನ ಜೀವ ಬರ್ಲಿಲ್ಲ. ಕೆಲಸದ ಚಾರ್ಜು ಕೊಡದೆ ಹೇಗೆ ಬರುದು ಮಾರಾಯ್ತಿ?”

“ಬೊಂಬಾಯಿಗೆ ಹೋಗಿ ಮೇಯರ್ರ ಕೈಗೇ ಕೊಡು.”

“ಮೇಯರ್ರು ಹಾರ ಹಾಕಿಸಿಕೊಳ್ಳುದಕ್ಕೆ. ಆಡಳಿತ ಎಲ್ಲ ಕಮಿಷನರ್ರದ್ದು.”

“ಹಾಗಾದ್ರೆ ಅವರಿಗೆ.”

“ಅವರೆಲ್ಲಿ ಮುಟ್ತಾರೆ! ಅವರ ಕೆಳಗೆ ವಾರ್ಡ್ ಆಫೀಸು, ಅದರಲ್ಲಿ ನೀರಿನ ಇಲಾಖೆ, ಅಲ್ಲೊಬ್ಬ ಇಂಜಿನಿಯರು, ಅವರ ಕೆಳಗೆ ಆಳುಗಳ ಮೇಸ್ತ್ರಿ, ಮುಕಾದಮ. ಆ ಮುಕಾದಮ ಕೈಚಾಚಿ ‘ಮುಟ್ಟಿತು’ ಅಂದರೇ ತಮ್ಮನಿಗೆ ಬಿಡುಗಡೆ.”

“ತೆಗೊಳ್ಳದಿದ್ರೆ?”

“ತಮ್ಮನ ಜಾಗಕ್ಕೆ ಬಂದವನನ್ನು ಹುಡುಕಿ ಕೊಡ್ತೇನೆ. ನೀನು ಮನೆಯಲ್ಲಿ ಅವನಿಗೆ ಎಲೆ ಹಾಕಿಡು.”

ಮಂಗಳೂರಿನ ಬಸ್ಸು ಬಂತು. ಕಬ್ಬಿಣವನ್ನು ಮೇಲೆ ಹಾಕಿ ಎಂದ ಕಂಡಕ್ಟರ್.

“ಮೇಲೆ ಬೇಡ ಮಾರಾಯ್ರೆ, ನನ್ನೊಟ್ಟಿಗೆ ಕೂರ್ತದೆ. ಇದಕ್ಕೂ ಒಂದು ಟಿಕೆಟು ಕೊಡಿ.”

ಬಸ್ಸು ಹೋಯಿತು. ಸೀತು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೆದಂಬಾಡಿಯ ದಾರಿ ಹಿಡಿದಳು. ಕೀಲಿ ಒರಗಿದ್ದಲ್ಲಿ, ಒಣ ನೆಲದ ಮೇಲೆ, ಅಂಗೈಯಗಲ ನೀರಿತ್ತು. ಕುಕ್ಕಪ್ಪನವರು ಅದನ್ನು ತುಳಿಯದೆ ಎದ್ದು, ದೇವಸ್ಥಾನದ ದಿಕ್ಕಿಗೆ ಕೈಮುಗಿದರು.

“ಸ್ವಾಮಿ ಮಹಾಲಿಂಗೇಶ್ವರಾ, ಆ ಜೀವದ ಕೆಲಸ ಮುಗಿಯಿತು. ಅವನನ್ನು ಮನೆಗೆ ಕಳಿಸು, ಶಾಂತಿ ಕೊಡು.”