ಗಾಯಕನ ಗಂಟಲಿಗೆ ಇಪ್ಪತ್ತೊಂದು ಶನಿವಾರ

ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಾಲೇಜು ಹುಡುಗಿಯರಿಬ್ಬರು ಮೊಬೈಲಿನಲ್ಲಿ ರಾಕ್ ಗಾಯಕನೊಬ್ಬನ ಕಾರ್ಯಕ್ರಮ ನೋಡುತ್ತಿದ್ದರು.

"ಕೇಳಿದ್ಯೇನ ಸುಮಂಗಲಾ? ಸ್ಟೇಜ್ ಮ್ಯಾಲೆ ನಿಂತು, 'ನನಗೆ ದನಿ ವಾಪಸ್ ಕೊಟ್ಟಿದ್ದು ಡಾಕ್ಟರ್, ದೇವರೇ ಇಲ್ಲ' ಅಂತಾನ!"

"ಅಂವ ನಂಬಂಗಿಲ್ಲಂದ್ರ ಬಿಡು, ಸಾಕ್ಷಿ."

"ಏನ್ ಬಿಡೂದು? ಅವನ ಗಂಟಲ ಆಪರೇಶನ್ ಆದಾಗ, ಇಪ್ಪತ್ತೊಂದು ಶನಿವಾರ ಒಪ್ಪತ್ತು ಮಾಡ್ತೇನಿ ಅಂತ ಹನಮಪ್ಪಗ ಬೇಡಿಕೊಂಡಾಕಿ ನಾನು!"

"ಅಂವ ಮಾಡು ಅಂದಿದ್ನೇನ?"

"ಅಂದಿಲ್ಲ ಖರೆ. ಆದ್ರ ಹಸದಾಕಿ ನಾನು, ಹೆಸರು ಡಾಕ್ಟರಗ! ಅವನ ಹಾಡೆಲ್ಲಾ ಡಿಲೀಟ್ ಮಾಡೇನಿ."

ಆಲಮೇಲದ ಬಸ್ ಬಂತು. ಸುಮಂಗಲಾ ಎದ್ದು ಮಿರ್ಚಿ ಭಜಿಯ ಪೊಟ್ಟಣ ಚಾಚಿದಳು.

"ಸಿಟ್ಟು ಸಾಕು, ಒಂದ್ ತಿನ್ನು."

ಸಾಕ್ಷಿ ಅವಳ ಕೈ ತಳ್ಳಿ ಬಸ್ಸಿನತ್ತ ನಡೆದಳು.

"ಇವತ್ತು ಹತ್ತೊಂಬತ್ತನೇ ಶನಿವಾರ. ಆ ಹಾಳಾದವನ ಹೆಸರಲೆ ಇನ್ನೂ ಎರಡು ಅದಾವ."