ಬಿಸಿಲು ತಾಗಬಾರದ ಆನೆ

ಹಾಸನದ ಬಸ್ ನಿಲ್ದಾಣದಲ್ಲಿ ಗಂಡ ಹೆಂಡತಿ ಅರಕಲಗೂಡು ಬಸ್ಸಿಗೆ ಕಾಯುತ್ತಿದ್ದರು. ಈಗಷ್ಟೇ ಕೊಂಡ ಕಾಡಾನೆಯ ನೀಲಿ ಫೋಟೊ ಅವಳ ತೊಡೆಯ ಮೇಲಿತ್ತು.

“ಇದನ್ನ ಎಲ್ಲಿ ತಗಲಾಕ್ತೀರಿ?”

“ಒಲಿಯೋ ಮಿಷನ್ ಇಟ್ಟಿದೀಯಲ್ಲ, ಆ ರೂಮಲ್ಲಿ.”

“ಮನೇಲಿ ತೆಗೆದಿರೋದು ಅದೊಂದೇ ಕಿಟಕಿ ಕಣ್ರೀ. ಅದನ್ನೂ ಮುಚ್ಚಿದ್ರೆ ಬಟ್ಟೆ ಎಲ್ಲಿ ಒಲೀಲಿ?”

“ಲೈಟ್ ಆಕ್ಕೊ. ಬಿಸಿಲು ಬಿದ್ರೆ ಬಣ್ಣ ಮಾಸೋಯ್ತದೆ.”

“ಬಿಸಿಲಲ್ಲೇ ಇಟ್ಟು ಪ್ರಿಂಟ್ ಮಾಡಿದ್ದು ಅಂದ್ರಲ್ಲ ಮಾರಿದೋರು?”

“ಹಳೇ ಕಾಲದ ಪ್ರಿಂಟು ಅಂಗೇ ಆಶಾ. ಮಾಡಾಕೆ ಬಿಸಿಲು, ಮಡಗಾಕೆ ಕತ್ತಲು.”

“ನಡುಮನೇಲಿ ಚಿರತೆ ಫೋಟೊ, ಮಲಗೋ ರೂಮಲ್ಲಿ ಕಾಡುಕೋಣದ್ದು. ಕಾಡಿನವೆಲ್ಲ ಮನೇಗ್ ಬಂದ್ವು, ನಾನು ಗವಿ ಸೇರ್ಕೊಳ್ಳಾ?”

“ಮೆತ್ತಗ್ ಮಾತಾಡು, ಜನ ಅವ್ರೆ.”

ಬಸ್ಸು ಬಂತು. ಬಿಸಿಲಿನ ಕಡೆಯ ಸೀಟುಗಳಷ್ಟೇ ಖಾಲಿಯಿದ್ದವು. ಅವಳು ಫೋಟೊ ಹಿಡಿದು ಕಿಟಕಿ ಪಕ್ಕ ಕೂತಳು. ಬಸ್ಸು ಹೊರಡುವ ಮುಂಚೆ ಅವನು ಅವಳ ಮೇಲಿಂದ ಬಾಗಿ ಶಟರ್ ಎಳೆದ.