ಮಗುಚಿದ ದೋಣಿಗೆ ಮೂರು ಬಡಿತ

ಈ ಸಂಗತಿ ಆಗಿದ್ದು ನಮ್ಮ ಪಕ್ಕದ ಮನೆ ಸೆಲ್ಬಿಗೆ. ಹೋದ ನವೆಂಬರಿನಲ್ಲಿ, ಇದೇ ನಮ್ಮ ನ್ಯೂಫೌಂಡ್‌ಲ್ಯಾಂಡಿನ ಕಡಲ ದಂಡೆಯಲ್ಲಿ. ಅವತ್ತು ರಾತ್ರಿ ಬಾವಿ ದಾರಿಯಲ್ಲಿ ಅವನೊಬ್ಬನೇ ಮನೆಗೆ ಬರುತ್ತಿದ್ದ. ಅಂಥ ಚಳಿಯಲ್ಲೂ ಸಿಟ್ಟಿಗೆ ಮೈಯೆಲ್ಲ ಉರಿ.

ಉರಿಯೋಕೆ ಕಾರಣ ಇತ್ತು. ಊರಿನ ಹಾಲ್‌ನಲ್ಲಿ ರಕ್ಷಣಾ ದೋಣಿಯವರ ಸಭೆ ನಡೆದಿತ್ತು. ಪಟ್ಟಣದಿಂದ ಬಂದ ಅಧಿಕಾರಿಯೊಬ್ಬ ಕಡಲಲ್ಲಿ ಜೀವ ಉಳಿಸೋ ಪಾಠ ಹೇಳುತ್ತಿದ್ದ. ನಿಮ್ಮ ದೋಣಿ ಮಗುಚಿದರೆ ಅದನ್ನು ಬಿಟ್ಟು ಈಜಬೇಡಿ. ಮಗುಚಿದ ದೋಣಿ ಕಂಡರೆ ಅದರ ಅಡಿಗೆ ಮೂರು ಸಲ ಬಡಿದು, ಕಿವಿಯಿಟ್ಟು ಕೇಳಿ. ಒಳಗಿಂದ ಬಡಿತ ವಾಪಸು ಬಂದರೆ ಅಲ್ಲಿ ಜೀವ ಇದೆ ಅಂತ. ಆದರೆ ಆ ಅಡಿಯನ್ನು ಕೊಯ್ಯೋಕೆ ಹೋಗಬೇಡಿ... ಒಳಗೆ ಸಿಕ್ಕಿಕೊಂಡ ಗಾಳಿಯೇ ದೋಣಿಯನ್ನು ತೇಲಿಸುತ್ತಿರುತ್ತೆ. ತೂತು ಬಿದ್ದರೆ ಗಾಳಿಯೂ ಹೋಯಿತು, ದೋಣಿಯೂ ಹೋಯಿತು.

ಅಷ್ಟು ಹೇಳಿದ್ದೇ ತಡ, ಇಡೀ ಹಾಲ್ ಸೆಲ್ಬಿ ಕಡೆ ತಿರುಗಿತು.

ಅದಕ್ಕೆ ಎರಡು ತಿಂಗಳ ಹಿಂದೆ ಮಗುಚಿದ್ದು ಆಂಬ್ರೋಸ್‌ನ ದೋಣಿ. ಆಂಬ್ರೋಸ್ ಅಂದ್ರೆ ಸೆಲ್ಬಿಯ ಹೆಂಡತಿ ಎಫಿಯ ತಮ್ಮ. ಭಾವ-ಭಾವಮೈದುನರಿಗೆ ವರ್ಷಗಳಿಂದ ಮಾತಿಲ್ಲ. ಬಲೆ ಬಿಡೋ ಜಾಗಕ್ಕೆ ಜಗಳ. ಎದುರಾದರೆ ನೆಲಕ್ಕೆ ಉಗಿಯೋರು. ರಕ್ಷಣೆಗೆ ಹೋದವರಲ್ಲಿ ಸೆಲ್ಬಿಯೂ ಇದ್ದ. ದೋಣಿಯ ಅಡಿಗೆ ಬಡಿದವನೂ ಅವನೇ. ಒಳಗಿಂದ ಮೂರು ಬಡಿತ ಸ್ಪಷ್ಟವಾಗಿ ಬಂತು. ಮುಳುಗು ತಜ್ಞರು ಬರೋತನಕ ಯಾರೂ ಏನೂ ಮುಟ್ಟಬೇಡಿ ಅಂದ ರಕ್ಷಣಾ ದೋಣಿ ನಡೆಸೋ ತಾಂಡೇಲ ಹ್ಯೂಬರ್ಟ್. ಅವನು ಹಗ್ಗ ತರೋಕೆ ದೋಣಿಯ ಆ ತುದಿಗೆ ಹೋದ. ಇತ್ತ ಸೆಲ್ಬಿ ಗರಗಸ ಹಾಕಿಬಿಟ್ಟ. ಸ್ಸ್ಸ್... ಅಂತ ಗಾಳಿ ಹೋಯಿತು. ದೋಣಿ ಮುಳುಗಿತು. ಆಂಬ್ರೋಸ್‌ನ ಹೆಣವೂ ಸಿಗಲಿಲ್ಲ.

ಬೇಗ ತೆಗೆಯೋಣ ಅಂತ ಕೊಯ್ದೆ ಅನ್ನುತ್ತಿದ್ದ ಸೆಲ್ಬಿ. ಊರು ನಂಬಲಿಲ್ಲ. ಎಫಿ ಹಾಸಿಗೆ ಬೇರೆ ಮಾಡಿದಳು. ಅವತ್ತು ಸಭೆಯಲ್ಲಿ ಹ್ಯೂಬರ್ಟ್ ಎದ್ದುನಿಂತು, "ಆ ರಕ್ಷಣಾ ಜಾಕೆಟ್ ಬಿಚ್ಚಿಟ್ಟು ಮನೆಗೆ ಹೋಗಯ್ಯಾ" ಅಂದ. ಸೆಲ್ಬಿ ಬಿಚ್ಚಿ ಬಿಸಾಕಿ ಬಂದಿದ್ದ.

ಬಾವಿ ಹತ್ತಿರ ಬಂದಾಗ ಕೇಳಿಸಿತು.

ಟಕ್... ಟಕ್... ಟಕ್.

ಬಾವಿಯ ಮರದ ಮುಚ್ಚಳದ ಕೆಳಗಿಂದ. ಒದ್ದೆ ಹಲಗೆಗೆ ಬೆರಳ ಗೆಣ್ಣು ತಾಗಿದ ಹಾಗೆ. ಸೆಲ್ಬಿ ನಿಂತ. ಗಾಳಿ ಇರಲಿಲ್ಲ. ಮುಚ್ಚಳದ ಮೇಲೆ ಉಗಿದು, ಹಿಂದಕ್ಕೆ ನೋಡದೆ ನಡೆದ.

ಮನೆಯಲ್ಲಿ ಎಫಿ ಒಲೆ ಮುಂದೆ ಕೂತು ಕೈಗವಸು ಹೆಣೆಯುತ್ತಿದ್ದಳು. ತಲೆ ಎತ್ತಲಿಲ್ಲ. ಸೆಲ್ಬಿ ಬೂಟು ಬಿಚ್ಚಿ ಕುರ್ಚಿಯಲ್ಲಿ ಕೂತ ಅಷ್ಟೆ... ಕಾಲಡಿಯ ನೆಲದಲ್ಲಿ ಟಕ್. ಟಕ್. ಟಕ್.

"ಇಲಿ," ಅಂದ ಸೆಲ್ಬಿ.

"ಇಲಿ ಎಣಿಸಿ ಬಡಿಯಲ್ಲ," ಅಂದಳು ಎಫಿ, ಪಿಸುಮಾತಲ್ಲಿ.

ಮತ್ತೆ ಮೂರು. ಈ ಸಲ ಜೋರಾಗಿ. ಒಲೆ ಮೇಲಿನ ಕೆಟಲ್ ಗಡಗಡ ಅಂತು.

"ಏನು ಬೇಕಂತೆ ನಿನ್ನ ತಮ್ಮನಿಗೆ?"

"ಒಳಗೆ ಯಾರಾದ್ರೂ ಬದುಕಿದ್ದಾರಾ ಅಂತ ಕೇಳ್ತಿದ್ದಾನೆ... ಉತ್ತರ ಕೊಡಬೇಡ."

ಕೊಡಬೇಡ ಅಂದಿದ್ದಕ್ಕೇ ಕೊಟ್ಟನೋ ಏನೋ. ಹಿಮ್ಮಡಿಯಿಂದ ನೆಲಕ್ಕೆ ಮೂರು ಸಲ ಗುದ್ದಿದ. ಧಪ್, ಧಪ್, ಧಪ್.



ಆಮೇಲೆ... ಗರ್ರ್... ಗರ್ರ್... ಗರಗಸ. ಅವಸರ ಇಲ್ಲದೆ, ಎಳೆದು ಎಳೆದು, ಅವನ ಕುರ್ಚಿಯ ಸುತ್ತ. ಸೆಲ್ಬಿ ಕಾಲೆರಡೂ ಕುರ್ಚಿ ಮೇಲಕ್ಕೆ ಎಳೆದುಕೊಂಡ. ಗರಗಸ ನಿಂತಿತು. ಆಗ ಬಂತು ಆ ಸದ್ದು. ಸ್ಸ್ಸ್ಸ್...

ಸೆಲ್ಬಿಯ ಕಿವಿ ಕಟ್ಟಿತು. ಬಾಯಿ ತೆರೆದ, ಗಾಳಿ ಬರಲಿಲ್ಲ. ಎದೆ ಭಾರವಾಗುತ್ತಾ ಹೋಯಿತು. ಎದುರಿಗೆ ಎಫಿ ಆರಾಮಾಗಿ ಉಸಿರಾಡುತ್ತಿದ್ದಳು. ಎದ್ದು ನಿಂತಿದ್ದಳು, ಕೈಯಲ್ಲಿ ಹೆಣಿಗೆ ಹಾಗೇ ಇತ್ತು. ನೋಡುತ್ತಿದ್ದಳು. ಬರಲಿಲ್ಲ. ಇವಳು ಬರಲ್ಲ, ಅಂದುಕೊಂಡ ಸೆಲ್ಬಿ. ಕಣ್ಣು ಕತ್ತಲೆ ಬಂತು. ಅಷ್ಟರಲ್ಲಿ ಯಾರೋ ಕಾಲರ್ ಹಿಡಿದು ದರದರ ಅಂಗಳಕ್ಕೆ ಎಳೆದರು.

ಎಳೆದವಳು ಎಫಿಯೇ. ನಮ್ಮ ಬಾಗಿಲು ಬಡಿದಳು. ಆಸ್ಪತ್ರೆಗೆ ನಾನೇ ಗಾಡಿ ತೆಗೆದೆ. ಮಾರನೇ ದಿನ ನಾನೂ ಹ್ಯೂಬರ್ಟೂ ಸೇರಿ ಆ ನೆಲದ ಹಲಗೆ ಎಬ್ಬಿಸಿ ನೋಡಿದೆವು. ಕೊಯ್ದ ಗುರುತಿಲ್ಲ. ಕೆಳಗೆ ಬರೀ ಬಂಡೆ, ಕೈ ತೂರಿಸೋಕೂ ಜಾಗ ಇಲ್ಲ. ಸೆಲ್ಬಿ ಬದುಕಿದ. ಈಗ ಕಡಲು ಕಾಣದ ಊರಲ್ಲಿ, ಅಕ್ಕನ ಮನೆಯಲ್ಲಿದ್ದಾನೆ. ಎಫಿ ಇವತ್ತಿಗೂ ಗಂಡನ ಹೆಸರೆತ್ತಲ್ಲ.

ನೀವು ನಗಬಹುದು. ಆದರೆ ಆ ರಾತ್ರಿ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರಮ್ಮ ಹೊರಗೆ ಬಂದು, ಇವರನ್ನು ಎಷ್ಟು ಹೊತ್ತಿಗೆ ನೀರಿಂದ ಎತ್ತಿದ್ರಿ ಅಂತ ಕೇಳಿದರು. ಎದೆ ತುಂಬ ಉಪ್ಪುನೀರಂತೆ. ಸೆಲ್ಬಿಯ ಕಾಲುಚೀಲ ನನ್ನ ಕೈಯಲ್ಲೇ ಇತ್ತು. ಒಣಗಿತ್ತು, ಒಲೆಯ ಬಿಸಿ ಇನ್ನೂ ಆರಿರಲಿಲ್ಲ.